ಮುಟ್ಟಿದ ಕಾಯಿ

ನಮ್ಮ ಮನೆಯ ಚದುರಂಗಕ್ಕೆ ಒಂದೇ ಒಂದು ಕಾನೂನಿತ್ತು. ಮುಟ್ಟಿದ ಕಾಯನ್ನು ನಡೆಸಲೇಬೇಕು, ಇಟ್ಟು ಕೈ ಬಿಟ್ಟ ಮೇಲೆ ಮತ್ತೆ ಎತ್ತುವಂತಿಲ್ಲ. ಬೇಸಿಗೆ ರಜೆಯಲ್ಲಿ ಸೋದರಮಾವ ಬಂದರೆಂದರೆ ಮಧ್ಯಾಹ್ನದ ಊಟವಾದ ಮೇಲೆ ಅಟ್ಟದಿಂದ ಮಣೆ ಇಳಿಯುತ್ತಿತ್ತು. ಕಪ್ಪು ಪಾಳಯದ ಒಂದು ಕುದುರೆ ಎಂದೋ ಕಳೆದುಹೋಗಿ ಅದರ ಜಾಗದಲ್ಲಿ ಹುಣಿಸೆ ಬೀಜ ಕೂರುತ್ತಿತ್ತು. ನನ್ನ ಬೆರಳು ಅಪ್ಪಿತಪ್ಪಿ ಒಂಟೆಗೆ ತಗುಲಿದರೂ ಸಾಕು, 'ಮುಟ್ಟಿದೆ, ನಡೆಸು' ಎನ್ನುತ್ತಿದ್ದರು ಮಾವ. ತಾವು ಮಾತ್ರ ಕಾಯಿ ಇಟ್ಟು, ಕೈ ಬಿಟ್ಟು, ನನ್ನ ಮುಖದಲ್ಲಿ ಮೂಡಿದ ಸಂತೋಷವನ್ನು ನೋಡಿ, ಥಟ್ಟನೆ ಮತ್ತೆ ಎತ್ತಿಕೊಳ್ಳುತ್ತಿದ್ದರು. 'ಇನ್ನೂ ಇಟ್ಟಿರಲಿಲ್ಲ ಕಣೇ, ಯೋಚನೆ ಮಾಡ್ತಿದ್ದೆ.' ನಾನು ಕಂಡಿರುತ್ತಿದ್ದೆ. ಕಂಡೂ ಸುಮ್ಮನಿರುತ್ತಿದ್ದೆ. ಜಗಳ ತೆಗೆದರೆ ನಾಳೆ ಮಣೆ ಅಟ್ಟದಿಂದ ಇಳಿಯುವುದಿಲ್ಲ ಎಂಬುದು ಹತ್ತು ವರ್ಷದ ಹುಡುಗಿಗೂ ಗೊತ್ತಿರುತ್ತದೆ.

ಈ ಹಳೆಯ ಸಂಗತಿ ಮತ್ತೆ ಎದ್ದು ಬಂದದ್ದು ಸ್ಪೇನ್ ದೇಶದ ಲಿನಾರೆಸ್ ಎಂಬ ಊರಿನ ಕಥೆ ಓದಿದಾಗ. ಲಿನಾರೆಸ್ ಆಗ ಚೆಸ್ ಲೋಕದ ದೊಡ್ಡ ಜಾತ್ರೆ ಸೇರುತ್ತಿದ್ದ ಜಾಗ. ವರ್ಷಕ್ಕೊಮ್ಮೆ ಜಗತ್ತಿನ ಅತಿ ದೊಡ್ಡ ಆಟಗಾರರು ಅಲ್ಲಿ ಸೇರುತ್ತಿದ್ದರು. 1994ರಲ್ಲಿ ಅವರ ನಡುವೆ ಹದಿನೇಳು ವರ್ಷದ ಹುಡುಗಿಯೊಬ್ಬಳು ಕುಳಿತಿದ್ದಳು. ಹಂಗೆರಿಯ ಜುಡಿತ್ ಪೋಲ್ಗಾರ್. ಅವಳೆದುರು ಕುಳಿತವನು ಗ್ಯಾರಿ ಕಾಸ್ಪರೋವ್, 1985ರಿಂದ ವಿಶ್ವ ಚಾಂಪಿಯನ್. ಆಟದ 36ನೇ ನಡೆಯಲ್ಲಿ ಕಾಸ್ಪರೋವ್ ತನ್ನ ಕುದುರೆಯನ್ನು ಎತ್ತಿ ಸಿ5 ಎಂಬ ಮನೆಯಲ್ಲಿಟ್ಟ. ಬೆರಳುಗಳು ಬಿಟ್ಟವು. ಮರುಕ್ಷಣವೇ ಕಂಡಿತು, ಅಲ್ಲಿಟ್ಟರೆ ಎದುರಾಳಿಯ ಒಂಟೆ ಮುಂದೆ ಬಂದು ಕೂತು, ಒಂಟೆಯೊಂದಕ್ಕೆ ಬದಲಾಗಿ ತಾನು ಆನೆಯನ್ನು ಕಳೆದುಕೊಳ್ಳಬೇಕು. ಕುದುರೆಯನ್ನು ಮತ್ತೆ ಎತ್ತಿ ಎಫ್8 ಮನೆಯಲ್ಲಿಟ್ಟ. ಆಟ ಮುಂದುವರಿಯಿತು. ಕಾಸ್ಪರೋವ್ ಗೆದ್ದ.

ಹುಡುಗಿ ಕಂಡಿದ್ದಳು. ಸುಮ್ಮನಿದ್ದಳು.

ಅಂದು ಅಲ್ಲಿ ಸ್ಪೇನಿನ ಟೆಲಿವಿಷನ್ ಕ್ಯಾಮೆರಾ ಇಲ್ಲದೇ ಹೋಗಿದ್ದರೆ ಈ ಕಥೆ ಅಲ್ಲೇ ಮುಗಿಯುತ್ತಿತ್ತು. ಚಿತ್ರದಲ್ಲಿ ನೋಡಿದರೆ ಕಾಸ್ಪರೋವನ ಬೆರಳು ಕುದುರೆಯನ್ನು ಬಿಟ್ಟದ್ದು ಒಂದು ಸೆಕೆಂಡಿನ ಕಾಲು ಭಾಗ. ಕಾಲು ಸೆಕೆಂಡು! ತನ್ನ ಕೈ ಬಿಟ್ಟದ್ದು ತನಗೆ ತಿಳಿಯಲೇ ಇಲ್ಲ, ಮನಸ್ಸಿನಲ್ಲಿ ಅಳುಕಿಲ್ಲ ಎಂದ ಅವನು. ಇರಬಹುದು. ಯೋಚನೆಯಲ್ಲಿ ಮುಳುಗಿದವನಿಗೆ ತನ್ನ ಬೆರಳಿನ ಲೆಕ್ಕ ಸಿಗದಿರಬಹುದು. ನಾನು ಆ ವಾದಕ್ಕೆ ಹೋಗುವುದಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಜುಡಿತ್ ಆಮೇಲೆ ಕೊಟ್ಟ ಕಾರಣ. ಅಂಥ ದೊಡ್ಡ ಕೂಟಕ್ಕೆ ತಾನು ಹೊಸಬಳು, ಎದುರಿಗಿರುವವನು ವಿಶ್ವ ಚಾಂಪಿಯನ್, ಅಲ್ಲಿ ಗಲಾಟೆ ಎಬ್ಬಿಸುವುದು ಬೇಡವೆನಿಸಿತಂತೆ. ದೂರು ಕೊಟ್ಟು ಅದು ನಿಲ್ಲದಿದ್ದರೆ ತನ್ನ ಗಡಿಯಾರದಿಂದ ಸಮಯ ಕಳೆಯುತ್ತಾರೆ ಎಂಬ ಭಯವೂ ಇತ್ತು. ಅವಳ ಕೈಯಲ್ಲಿ ಉಳಿದಿದ್ದ ಸಮಯವೇ ಸ್ವಲ್ಪ.

ಇದನ್ನು ಓದಿ ನಾನು ಪತ್ರಿಕೆಯನ್ನು ಕೆಳಗಿಟ್ಟೆ. ಅಟ್ಟದ ಮಣೆಯೇ ಕಣ್ಣ ಮುಂದೆ ಬಂತು.

ಈ ಜುಡಿತ್ ಯಾರು ಎಂಬುದನ್ನು ಸ್ವಲ್ಪ ಹೇಳಬೇಕು. ಅವರ ಭಾಷೆಯಲ್ಲಿ ಅವಳ ಹೆಸರು 'ಯೂದಿತ್' ಎಂದೇ. ನಮ್ಮ ಪತ್ರಿಕೆಗಳು ಜುಡಿತ್ ಮಾಡಿ ರೂಢಿಯಾಗಿಬಿಟ್ಟಿದೆ. 1976ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿದಳು. ಮೂವರು ಅಕ್ಕತಂಗಿಯರಲ್ಲಿ ಕೊನೆಯವಳು. ದೊಡ್ಡವಳು ಸೂಸನ್, ನಡುವಿನವಳು ಸೋಫಿಯಾ. ತಂದೆ ಲಾಸ್ಲೊ ಪೋಲ್ಗಾರ್ ಒಬ್ಬ ವಿಚಿತ್ರ ಮನುಷ್ಯ. ಪ್ರತಿಭೆ ಹುಟ್ಟಿನಿಂದ ಬರುವುದಿಲ್ಲ, ಬೆಳೆಸಿದರೆ ಯಾವ ಮಗುವಾದರೂ ಪ್ರತಿಭಾವಂತ ಆಗುತ್ತದೆ ಎಂಬುದು ಅವನ ಸಿದ್ಧಾಂತ. ಮದುವೆಗೆ ಮೊದಲೇ ಈ ಸಿದ್ಧಾಂತ ಸಿದ್ಧವಾಗಿತ್ತು. ಅದಕ್ಕೆ ಒಪ್ಪುವ ಹೆಣ್ಣನ್ನು ಹುಡುಕಿದ. ಕ್ಲಾರಾ ಎಂಬ ಶಿಕ್ಷಕಿ ಒಪ್ಪಿದಳು. ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸಿದರು, ಅದಕ್ಕಾಗಿ ಸರ್ಕಾರದವರೊಂದಿಗೆ ಜಟಾಪಟಿಯಾಯಿತು. ದಿನವಿಡೀ ಚೆಸ್. ಸೂಸನ್ ನಾಲ್ಕನೇ ವಯಸ್ಸಿನಲ್ಲೇ ಬುಡಾಪೆಸ್ಟ್‌ನ ಹನ್ನೊಂದು ವರ್ಷದೊಳಗಿನ ಹುಡುಗಿಯರ ಪಂದ್ಯದಲ್ಲಿ ಹತ್ತಕ್ಕೆ ಹತ್ತೂ ಗೆದ್ದಳು.

ಮಕ್ಕಳ ಮೇಲೆ ಪ್ರಯೋಗ ಮಾಡುವ ತಂದೆಯ ವಿಷಯ ಓದುವಾಗ ನನಗೆ ಮುಳ್ಳು ಚುಚ್ಚಿದಂತಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಒಂದು ಮಾತು ಒಪ್ಪಬೇಕು. ಮೂರೂ ಹೆಣ್ಣಾಯಿತಲ್ಲ ಎಂದು ಆ ಮನೆಯಲ್ಲಿ ಯಾರೂ ನಿಟ್ಟುಸಿರು ಬಿಟ್ಟಂತಿಲ್ಲ. ಸಿದ್ಧಾಂತಕ್ಕೆ ಗಂಡು ಹೆಣ್ಣಿನ ಭೇದ ಇರಲಿಲ್ಲ. ಭೇದ ಇದ್ದದ್ದು ಮನೆಯ ಹೊರಗೆ.

ಹೊರಗಿನ ಭೇದಕ್ಕೆ ಅಂಕಿಗಳ ರೂಪವೇ ಇತ್ತು. ಚೆಸ್ ಆಟಗಾರರಿಗೆಲ್ಲ ಒಂದೊಂದು 'ರೇಟಿಂಗ್' ಇರುತ್ತದೆ. ಹಂಗೆರಿಯಲ್ಲೇ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಆರ್ಪಾಡ್ ಇಲೊ ಎಂಬಾತ ಕಂಡುಹಿಡಿದ ಲೆಕ್ಕ ಅದು. ವಿಶ್ವ ಚೆಸ್ ಸಂಸ್ಥೆಯಾದ ಫಿಡೆ 1970ರಲ್ಲಿ ಅದನ್ನು ಒಪ್ಪಿಕೊಂಡಿತು. ಲೆಕ್ಕ ಸರಳ. ನಿಮಗಿಂತ ಹೆಚ್ಚಿನವರನ್ನು ಸೋಲಿಸಿದರೆ ನಿಮ್ಮ ಅಂಕಿ ಚೆನ್ನಾಗಿ ಏರುತ್ತದೆ, ಕಡಿಮೆಯವರಿಗೆ ಸೋತರೆ ಚೆನ್ನಾಗಿ ಇಳಿಯುತ್ತದೆ. ಜಾತಿ, ಲಿಂಗ, ದೇಶ ಯಾವುದೂ ಆ ಸೂತ್ರದೊಳಗಿಲ್ಲ. ನನಗಂತೂ ಬಹಳ ನ್ಯಾಯವಾದ ತಕ್ಕಡಿ ಎನಿಸಿತ್ತು, ಸೂಸನ್ನಳ ಕಥೆ ಓದುವವರೆಗೆ.

ಅಕ್ಕ ಸೂಸನ್ ಹದಿನೈದನೇ ವಯಸ್ಸಿಗೇ, 1984ರಲ್ಲಿ, ಜಗತ್ತಿನ ಹೆಂಗಸರ ಪಟ್ಟಿಯಲ್ಲಿ ಮೊದಲನೆಯವಳಾಗಿದ್ದಳು. ಅವಳು ಹೆಚ್ಚಾಗಿ ಗಂಡಸರೊಂದಿಗೇ ಆಡುತ್ತಿದ್ದಳು. 1986ರ ಕೊನೆಯಲ್ಲಿ ಫಿಡೆ ಒಂದು ತೀರ್ಮಾನ ಮಾಡಿತು. ಹೆಂಗಸರು ತಮ್ಮ ತಮ್ಮಲ್ಲೇ ಆಡಿಕೊಳ್ಳುವುದರಿಂದ ಅವರ ಅಂಕಿ ಗಂಡಸರ ಅಂಕಿಗೆ ಹೋಲಿಸಿದರೆ ಕಡಿಮೆ ಬಿದ್ದಿದೆ, ಆದ್ದರಿಂದ ಎಲ್ಲ ಆಟಗಾರ್ತಿಯರಿಗೂ 100 ಅಂಕ ಸೇರಿಸತಕ್ಕದ್ದು. ಎಲ್ಲರಿಗೂ, ಸೂಸನ್ ಪೋಲ್ಗಾರ್ ಒಬ್ಬಳನ್ನು ಬಿಟ್ಟು! ಗಂಡಸರೊಂದಿಗೆ ಆಡಿ ಗಳಿಸಿದ ಅಂಕ ಅವಳದು, ಅದಕ್ಕೆ ಸೇರಿಸುವುದೇನು ಬೇಡವಂತೆ. 1987ರ ಜನವರಿಯ ಪಟ್ಟಿ ಬಂದಾಗ ಮೊದಲನೆಯ ಸ್ಥಾನದಲ್ಲಿ ಅವಳಿರಲಿಲ್ಲ. ಲೆಕ್ಕ ನೋಡಿದರೆ ತಪ್ಪು ಹುಡುಕುವುದು ಕಷ್ಟ, ಕಾರಣವೂ ಕೊಟ್ಟಿದ್ದಾರೆ. ಆದರೂ ತರಗತಿಯಲ್ಲಿ ಎಲ್ಲರಿಗೂ ಮಿಠಾಯಿ ಹಂಚಿ, ಮನೆಯಲ್ಲಿ ತಿಂದು ಬಂದಿದ್ದೀಯಲ್ಲ ಎಂದು ಒಬ್ಬಳನ್ನು ಬಿಟ್ಟ ಹಾಗಿಲ್ಲವೆ?

ಇಂಥದ್ದನ್ನೆಲ್ಲ ಕಂಡೇ ಇರಬೇಕು, ತಂಗಿ ಹೆಂಗಸರ ಪಟ್ಟಿಯ ಗೊಡವೆಗೇ ಹೋಗಲಿಲ್ಲ. ಹನ್ನೆರಡನೇ ವಯಸ್ಸಿನಲ್ಲಿ ಅಕ್ಕಂದಿರೊಂದಿಗೆ 1988ರ ಥೆಸಲೊನಿಕಿ ಒಲಿಂಪಿಯಾಡ್‌ನಲ್ಲಿ ಆಡಿ ಹದಿಮೂರು ಆಟಗಳಲ್ಲಿ ಹನ್ನೆರಡೂವರೆ ಅಂಕ ಗಳಿಸಿದಳು. ಅಲ್ಲಿಯವರೆಗೆ ತಾವು ಕಾಲಿಟ್ಟ ಮಹಿಳಾ ಒಲಿಂಪಿಯಾಡ್‌ಗಳನ್ನೆಲ್ಲ ಗೆದ್ದಿದ್ದ ಸೋವಿಯತ್ ತಂಡ ಎರಡನೆಯದಾಯಿತು. 1990ರಲ್ಲಿ ಮತ್ತೊಮ್ಮೆ ಗೆದ್ದು, ಆಮೇಲೆ ಹೆಂಗಸರಿಗಷ್ಟೇ ಮೀಸಲಾದ ಪಂದ್ಯಗಳಿಂದ ದೂರ ಸರಿದಳು. ಮಹಿಳಾ ವಿಶ್ವ ಚಾಂಪಿಯನ್ ಪಟ್ಟಕ್ಕೆ ಅವಳು ಎಂದೂ ಆಡಲಿಲ್ಲ. 1991ರ ಡಿಸೆಂಬರ್‌ನಲ್ಲಿ, ಹದಿನೈದು ವರ್ಷ ನಾಲ್ಕು ತಿಂಗಳಾಗಿದ್ದಾಗ, ಗಂಡಸರೂ ಆಡುವ ಹಂಗೆರಿಯ ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದು ಗ್ರ್ಯಾಂಡ್ ಮಾಸ್ಟರ್ ಆದಳು. ಅಷ್ಟು ಚಿಕ್ಕ ವಯಸ್ಸಿನಲ್ಲಿ ಅಲ್ಲಿಯವರೆಗೆ ಯಾರೂ ಆಗಿರಲಿಲ್ಲ, ಬಾಬಿ ಫಿಶರ್ ಕೂಡ.

ಆ ಕಾಲಕ್ಕೆ ಕಾಸ್ಪರೋವ್ ಏನೆನ್ನುತ್ತಿದ್ದ? 1989ರ ಒಂದು ಸಂದರ್ಶನದಲ್ಲಿ, ನಿಜವಾದ ಚೆಸ್ ಬೇರೆ, ಹೆಂಗಸರ ಚೆಸ್ ಬೇರೆ, ದೀರ್ಘ ಹೋರಾಟ ಹೆಂಗಸಿನ ಸ್ವಭಾವದಲ್ಲಿಲ್ಲ ಎಂಬರ್ಥದ ಮಾತು ಆಡಿದ್ದ. ಅವನೊಬ್ಬನನ್ನೇ ದೂರಿ ಫಲವಿಲ್ಲ. ಇದು ಆ ಲೋಕದ ಹಳೆಯ ನಗೆಚಾಟಿಕೆ. 1929ರಲ್ಲಿ ಕಾರ್ಲ್ಸ್‌ಬಾದ್ ಎಂಬಲ್ಲಿ ಇಪ್ಪತ್ತೆರಡು ಆಟಗಾರರ ದೊಡ್ಡ ಪಂದ್ಯಾವಳಿ ನಡೆದಾಗ ವೆರಾ ಮೆನ್ಚಿಕ್ ಎಂಬ ಹೆಂಗಸನ್ನು ಸೇರಿಸಿಕೊಂಡಿದ್ದರು. ಆಕೆ 1927ರಲ್ಲಿ ಮೊದಲ ಮಹಿಳಾ ವಿಶ್ವ ಚಾಂಪಿಯನ್ ಆದವಳು. ಆಲ್ಬರ್ಟ್ ಬೆಕರ್ ಎಂಬ ಆಟಗಾರ ತಮಾಷೆ ಮಾಡಿದ, ಈಕೆಗೆ ಸೋತವರನ್ನೆಲ್ಲ 'ವೆರಾ ಮೆನ್ಚಿಕ್ ಕ್ಲಬ್' ಎಂದು ಒಂದು ಕ್ಲಬ್ಬಿಗೆ ಸೇರಿಸೋಣ ಎಂದು. ಮೊದಲು ಸೋತು ಮೊದಲ ಸದಸ್ಯನಾದವನು ಬೆಕರನೇ! ವೆರಾ ಆ ಪಂದ್ಯಾವಳಿಯಲ್ಲಿ ಹದಿನೇಳು ಆಟ ಸೋತು ಕೊನೆಯವಳಾದಳು, ಬೆಕರ್ ಐದನೇ ಸ್ಥಾನ ಹಂಚಿಕೊಂಡ. ಆದರೂ ಇಂದು ಬೆಕರನ ಹೆಸರು ಬರುವುದು ಆ ಕ್ಲಬ್ಬಿನ ಮಾತು ಬಂದಾಗಲೇ. ಮುಂದೆ ಆ ಕ್ಲಬ್ಬಿಗೆ ಪಂಜಾಬಿನಿಂದ ಒಬ್ಬ ಜಮೀನ್ದಾರನ ಸೇವಕನಾಗಿ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಚಾಂಪಿಯನ್ ಆದ ನಮ್ಮ ಸುಲ್ತಾನ್ ಖಾನ್ ಸೇರಿದ. ಮುಂದೆ ವಿಶ್ವ ಚಾಂಪಿಯನ್ ಆಗಲಿದ್ದ ಹಾಲೆಂಡಿನ ಮ್ಯಾಕ್ಸ್ ಯೂವೆ ಎರಡು ಸಲ ಸೋತು ಸೇರಿದ. ವೆರಾ 1944ರ ಜೂನ್‌ನಲ್ಲಿ ಲಂಡನ್ನಿನ ಮನೆಯ ಮೇಲೆ ಬಿದ್ದ ಜರ್ಮನ್ ಬಾಂಬಿಗೆ ತಾಯಿ ತಂಗಿಯರೊಂದಿಗೆ ತೀರಿಕೊಂಡಳು.

ಯೂವೆಯ ಹೆಸರು ಬಂದದ್ದರಿಂದ ನಮ್ಮ ದೇಶದ ಒಂದು ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಮಹಿಳೆಯರ ಮೊದಲ ರಾಷ್ಟ್ರೀಯ ಚೆಸ್ ಚಾಂಪಿಯನ್‌ಶಿಪ್ ನಡೆದದ್ದು ನಮ್ಮ ಬೆಂಗಳೂರಿನಲ್ಲಿ, 1974ರಲ್ಲಿ. ಗೆದ್ದವಳು ಬೊಂಬಾಯಿಯ ವಾಸಂತಿ ಖಾಡಿಲ್ಕರ್. ಅಲ್ಲೂ ಮೂವರು ಅಕ್ಕತಂಗಿಯರೇ, ವಾಸಂತಿ, ಜಯಶ್ರೀ, ರೋಹಿಣಿ. 1976ರಲ್ಲಿ ಹದಿಮೂರು ವರ್ಷದ ರೋಹಿಣಿ ಗಂಡಸರ ರಾಷ್ಟ್ರೀಯ ಪಂದ್ಯದಲ್ಲಿ ಆಡಲು ಕುಳಿತಾಗ ದೊಡ್ಡ ಗಲಾಟೆಯಾಗಿ ವಿಷಯ ಹೈಕೋರ್ಟಿನವರೆಗೆ ಹೋಯಿತು. ಕೊನೆಗೆ, ರಾಷ್ಟ್ರೀಯ, ಅಂತರರಾಷ್ಟ್ರೀಯ ಚಾಂಪಿಯನ್‌ಶಿಪ್‌ಗಳಿಂದ ಹೆಂಗಸರನ್ನು ಹೊರಗಿಡುವಂತಿಲ್ಲ ಎಂದು ಫಿಡೆ ಅಧ್ಯಕ್ಷರು ಅಪ್ಪಣೆ ಮಾಡಿದರು. ಆಗಿನ ಅಧ್ಯಕ್ಷರು ಯಾರು ಗೊತ್ತೆ? ಅದೇ ಮ್ಯಾಕ್ಸ್ ಯೂವೆ. ವೆರಾ ಮೆನ್ಚಿಕ್ ಕ್ಲಬ್ಬಿನ ಹಳೆಯ ಸದಸ್ಯ!

ಇನ್ನು ಮಾಸ್ಕೋಗೆ ಹೋಗೋಣ. 2002ರ ಸೆಪ್ಟೆಂಬರ್. ಕ್ರೆಮ್ಲಿನ್‌ನ ಸಭಾಂಗಣದಲ್ಲಿ ರಷ್ಯಾ ಒಂದು ಕಡೆ, ಉಳಿದ ಜಗತ್ತೆಲ್ಲ ಒಂದು ಕಡೆ ಎಂದು ಪಂದ್ಯ. ಜಗತ್ತಿನ ಪಾಳಯದಲ್ಲಿ ನಮ್ಮ ವಿಶ್ವನಾಥನ್ ಆನಂದ್ ಇದ್ದರು, ಜುಡಿತ್ ಇದ್ದಳು. ಎರಡೂ ತಂಡಗಳನ್ನು ಸೇರಿಸಿದರೂ ಹೆಂಗಸು ಅವಳೊಬ್ಬಳೇ. ವೇಗದ ಆಟ, ಒಬ್ಬೊಬ್ಬರಿಗೆ 25 ನಿಮಿಷ, ಜೊತೆಗೆ ಪ್ರತಿ ನಡೆಗೂ 10 ಸೆಕೆಂಡು. ಸೆಪ್ಟೆಂಬರ್ 9ರಂದು ಐದನೇ ಸುತ್ತಿನಲ್ಲಿ ಜುಡಿತ್ ಬಿಳಿ ಕಾಯಿಗಳೊಂದಿಗೆ ಕಾಸ್ಪರೋವನ ಎದುರು ಕುಳಿತಳು.

ಆಗ ಕಾಸ್ಪರೋವನ ಕೈಯಲ್ಲಿ ಪಟ್ಟವಿರಲಿಲ್ಲ. 2000ದಲ್ಲಿ ಕ್ರಾಮ್ನಿಕ್ ಅದನ್ನು ಕಸಿದುಕೊಂಡಿದ್ದ. ಆದರೆ ಪಟ್ಟಿಯಲ್ಲಿ ಅವನೇ ಮೊದಲಿಗ, ಅವನ ರೇಟಿಂಗ್ 2838. ಜುಡಿತ್‌ಳದು 2681. ನಡುವೆ 157 ಅಂಕಗಳ ಅಂತರ. ಇಲೊ ಅವರ ಸೂತ್ರದಂತೆ ಇಂಥ ಇಬ್ಬರು ನೂರು ಆಟ ಆಡಿದರೆ ಹೆಚ್ಚಿನವನಿಗೆ 71 ಅಂಕ, ಕಡಿಮೆಯವಳಿಗೆ 29. ಆದರೆ ಅಂದಿನವರೆಗಿನ ಅವರಿಬ್ಬರ ಲೆಕ್ಕ ಅದಕ್ಕಿಂತ ಕಠಿಣ. ಎಷ್ಟೋ ಸಲ ಸೋತಿದ್ದಳು, ಕೆಲವು ಸಲ ಸಮ ಮಾಡಿಕೊಂಡಿದ್ದಳು. ಒಂದು ಸಲವೂ ಗೆದ್ದಿರಲಿಲ್ಲ.

ಕಾಸ್ಪರೋವ್ ಆಯ್ದುಕೊಂಡದ್ದು 'ಬರ್ಲಿನ್ ರಕ್ಷಣೆ' ಎಂಬ ಪದ್ಧತಿ. ಎರಡು ವರ್ಷ ಹಿಂದೆ ಕ್ರಾಮ್ನಿಕ್ ಇದನ್ನೇ ಗೋಡೆಯಂತೆ ಕಟ್ಟಿ ನಿಂತಿದ್ದ, ಕಾಸ್ಪರೋವನಿಗೆ ಒಡೆಯಲಾಗಿರಲಿಲ್ಲ. ತನ್ನನ್ನು ಸೋಲಿಸಿದ ಆಯುಧವನ್ನು ತಾನೇ ಕೈಗೆತ್ತಿಕೊಂಡ. ಈ ಪದ್ಧತಿಯಲ್ಲಿ ಎಂಟನೇ ನಡೆಗೇ ಇಬ್ಬರ ರಾಣಿಯರೂ ಹಲಗೆಯಿಂದ ಹೊರಗೆ. ನಾವು ಮಂತ್ರಿ ಎನ್ನುವ ಕಾಯಿ ಯೂರೋಪಿಗೆ ಹೋಗಿ ರಾಣಿಯಾಯಿತು, ಮತ್ತು 15ನೇ ಶತಮಾನದ ಕೊನೆಯಲ್ಲಿ ಎಲ್ಲಿಂದೆಲ್ಲಿಗೋ ಓಡುವ ಬಲ ಪಡೆಯಿತು. ಆ ಹೊಸ ಆಟವನ್ನು ಅಲ್ಲಿಯವರು ಹುಚ್ಚೆದ್ದ ಹೆಂಗಸಿನ ಚದುರಂಗ ಎಂದು ಕರೆದರಂತೆ! ಅಂಥ ರಾಣಿಯರಿಬ್ಬರೂ ಹೋದ ಮೇಲೆ ಉಳಿಯುವುದು ಆನೆ, ಒಂಟೆ, ಕುದುರೆ, ಕಾಲಾಳುಗಳ ನಿಧಾನದ ಕೆಲಸ. ಹೆಂಗಸಿಗೆ ಬಾರದು ಎಂದು ಅವನು ಹೇಳಿದ್ದ ದೀರ್ಘ ಹೋರಾಟವೆಂದರೆ ಇದೇ ತಾನೆ?

ರಾಣಿಯನ್ನು ಹೊಡೆಯಲು ಕಪ್ಪು ರಾಜನೇ ಮುಂದೆ ಬರಬೇಕಾದ್ದರಿಂದ ಅವನಿಗೆ ಕೋಟೆ ಕಟ್ಟಿಕೊಳ್ಳುವ ಅವಕಾಶ ಹೋಯಿತು. ಇದು ಈ ಪದ್ಧತಿಯಲ್ಲಿ ಗೊತ್ತಿದ್ದೇ ಕೊಡುವ ಬೆಲೆ, ರಾಣಿಯರಿಲ್ಲದ ಮೇಲೆ ರಾಜನಿಗೆ ಅಂಥ ಅಪಾಯವಿಲ್ಲ ಎಂಬ ಧೈರ್ಯ. ಜುಡಿತ್ ಅವಸರಪಡಲಿಲ್ಲ. ಕಾಲಾಳುಗಳನ್ನು ಮುಂದೆ ತಂದಳು, ಕುದುರೆಯನ್ನು ಎಫ್5 ಮನೆಗೆ ತಂದು ಕೂರಿಸಿದಳು, ತನ್ನ ರಾಜನನ್ನು ಒಂದೊಂದೇ ಹೆಜ್ಜೆ ನಡೆಸಿದಳು. ಕಾಸ್ಪರೋವನ ಆನೆ ಬಲಬದಿಯ ಸಾಲಿನಲ್ಲಿ ಬಂದು ಶಹ ಕೊಟ್ಟು ಹೋಯಿತು, ಅದರಿಂದ ಏನೂ ಆಗಲಿಲ್ಲ. ಆಟದ ನಡುವೆ ಕುದುರೆ ಒಂಟೆಗಳೆಲ್ಲ ಹೊಡೆದಾಡಿ ಮುಗಿದು ಇಬ್ಬರಿಗೂ ಎರಡೆರಡು ಆನೆಗಳಷ್ಟೇ ಉಳಿದವು. 31ನೇ ನಡೆಯಲ್ಲಿ ಅವಳ ಆನೆ ಒಂದು ಕಾಲಾಳನ್ನು ಹೊಡೆದು ಶಹ ಎಂದಿತು. ಅಲ್ಲಿಂದ ಅವಳ ಎರಡು ಆನೆಗಳೂ ಕಪ್ಪು ರಾಜನ ಮನೆಯೊಳಗೇ ಬಂದು ಸೇರಿದವು. ಕೊನೆಕೊನೆಗೆ ಕಾಸ್ಪರೋವನ ರಾಜ ಹಿಂದಿನ ಸಾಲಿನಲ್ಲಿ ಅತ್ತ ಒಂದು ಹೆಜ್ಜೆ, ಇತ್ತ ಒಂದು ಹೆಜ್ಜೆ, ಮತ್ತೆ ಅತ್ತ. 42 ನಡೆಗಳಾದವು. ಕಾಸ್ಪರೋವ್ ಸೋಲೊಪ್ಪಿಕೊಂಡ.

ಜಗತ್ತಿನ ಮೊದಲ ಸ್ಥಾನದಲ್ಲಿದ್ದ ಆಟಗಾರನನ್ನು ಸ್ಪರ್ಧೆಯ ಆಟದಲ್ಲಿ ಹೆಂಗಸೊಬ್ಬಳು ಸೋಲಿಸಿದ್ದು ಅದೇ ಮೊದಲು. ಪಂದ್ಯ ಮುಗಿದಾಗ ಜಗತ್ತಿಗೆ 52, ರಷ್ಯಾಕ್ಕೆ 48.

ವೇಗದ ಆಟವಲ್ಲವೆ, ಅದೊಂದು ಆಕಸ್ಮಿಕ ಎಂದವರಿದ್ದರು. ಇರಲಿ. ಅವರ ಸಮಾಧಾನಕ್ಕೆ ನಾನೇಕೆ ಅಡ್ಡಬರಲಿ? ನನಗೆ ಅದಕ್ಕಿಂತ ಹಿಡಿಸುವ ಸಂಗತಿ ಆಮೇಲಿನದು. ಜುಡಿತ್ 2000ದಲ್ಲಿ ಪಶುವೈದ್ಯನೊಬ್ಬನನ್ನು ಮದುವೆಯಾಗಿದ್ದಳು. 2004ರಲ್ಲಿ ಮಗ ಹುಟ್ಟಿದ. ಆ ವರ್ಷ ಆಟದಿಂದ ದೂರವಿದ್ದಳು. ಇನ್ನೇನು ಮುಗಿಯಿತು ಎನ್ನುವ ಮಾತು ನಮ್ಮಲ್ಲಿ ಬಾಣಂತಿಕೋಣೆಯ ಬಾಗಿಲಲ್ಲೇ ಹುಟ್ಟುತ್ತದೆ, ಅಲ್ಲೂ ಹುಟ್ಟಿರಬೇಕು. 2005ರ ಜನವರಿಯಲ್ಲಿ ಹಾಲೆಂಡಿನ ವೈಕ್ ಆನ್ ಝೀಗೆ ಬಂದು ಮತ್ತೆ ಆಡಿದಳು. ಅವಳ ಜೀವನದ ಅತಿ ಹೆಚ್ಚಿನ ರೇಟಿಂಗ್ 2735 ಬಂದದ್ದು ಅದೇ ವರ್ಷ ಜುಲೈನಲ್ಲಿ, ಮಗು ಹುಟ್ಟಿದ ಮೇಲೆ. ಜಗತ್ತಿನ ಗಂಡಸರನ್ನೆಲ್ಲ ಸೇರಿಸಿದ ಪಟ್ಟಿಯಲ್ಲಿ ಅವಳು ಎಂಟನೆಯವಳಾಗಿದ್ದಳು. 2006ರಲ್ಲಿ ಮಗಳೂ ಹುಟ್ಟಿದಳು. 2014ರಲ್ಲಿ ತಾನಾಗಿಯೇ ಆಟ ನಿಲ್ಲಿಸಿದಳು. ಮರುವರ್ಷ ಹಂಗೆರಿಯ ಗಂಡಸರ ತಂಡಕ್ಕೆ ಅವಳನ್ನೇ ನಾಯಕಿಯಾಗಿ ಮಾಡಿದರು.

ಕಾಸ್ಪರೋವ್ ತನ್ನ ಮಾತನ್ನು ಬದಲಿಸಿಕೊಂಡ ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. 2007ರಲ್ಲಿ ಬರೆದ ಪುಸ್ತಕದಲ್ಲಿ, ಹೆಂಗಸರ ಶಕ್ತಿಗೆ ಹುಟ್ಟಿನಿಂದ ಬಂದ ಮಿತಿ ಏನೂ ಇಲ್ಲವೆಂದು ಪೋಲ್ಗಾರ್ ಸೋದರಿಯರು ತೋರಿಸಿಕೊಟ್ಟರು ಎಂದು ಒಪ್ಪಿಕೊಂಡ. ನಮ್ಮ ಮಾವ ಅಷ್ಟನ್ನೂ ಒಪ್ಪಿಕೊಂಡವರಲ್ಲ. ಆದರೆ ಒಮ್ಮೆ, ನನ್ನ ಮದುವೆಯಾದ ಮೇಲೆ, ಕಾಫಿ ಕುಡಿಯುತ್ತಾ ಇದ್ದಕ್ಕಿದ್ದಂತೆ, 'ನೀನು ಚೆನ್ನಾಗಿ ಆಡ್ತಿದ್ದೆ ಕಣೇ, ಬಿಟ್ಟುಬಿಟ್ಟೆ' ಎಂದಿದ್ದರು.

ಚೆಸ್ ಆಟಗಳನ್ನೆಲ್ಲ ಬರೆದಿಡುವ ಪದ್ಧತಿಯಿದೆ. ಲಿನಾರೆಸ್‌ನ ಆಟವೂ ಹಾಗೆ ದಾಖಲೆಯಲ್ಲಿದೆ. ನಾನು ಹುಡುಕಿ ನೋಡಿದೆ. 36ನೇ ನಡೆಯ ಮುಂದೆ, ಕಪ್ಪು ಕುದುರೆ ಎಫ್8 ಎಂದಷ್ಟೇ ಇದೆ. ಸಿ5 ಎಂಬ ಮನೆಯ ಸುಳಿವೇ ಅಲ್ಲಿಲ್ಲ.

ಮಾಸ್ಕೋದ ಆಟವನ್ನು ಮೊನ್ನೆ ತಂಗಿಯ ಮೊಮ್ಮಗಳನ್ನು ಕೂರಿಸಿಕೊಂಡು ಮೊದಲಿನಿಂದ ಆಡಿಸಿದೆ. ನಾನು ನಡೆ ಓದುವುದು, ಅವಳು ಕಾಯಿ ನಡೆಸುವುದು. ನಲವತ್ತನೇ ನಡೆ ದಾಟಿದಾಗ ಅವಳು ಕಪ್ಪು ರಾಜನನ್ನು ಪಕ್ಕದ ಮನೆಗಿಟ್ಟು, ಮತ್ತೆ ಅಲ್ಲಿಂದ ಹಿಂದಕ್ಕಿಟ್ಟು, ತಲೆಯೆತ್ತಿ ಕೇಳಿದಳು. 'ಅಜ್ಜಿ, ಇವನ್ಯಾಕೆ ಸುಮ್ಮನೆ ಅಲ್ಲಲ್ಲೇ ಓಡಾಡ್ತಾನೆ?'